ಲೆಕ್ಕ ತಪ್ಪದ ಅರ್ಥಮಂತ್ರಿ

1938ರಲ್ಲಿ ಪೋರ್ಚುಗಲ್ ದೇಶದ ಶಾಲೆಗಳ ಗೋಡೆಗಳ ಮೇಲೆ ಒಂದು ವರ್ಣಚಿತ್ರ ಕಾಣಿಸಿಕೊಂಡಿತು. ಹಳ್ಳಿಯ ಒಂದು ಮನೆ. ಹೊಲದ ಕೆಲಸ ಮುಗಿಸಿದ ತಂದೆ ಮನೆಯೊಳಗೆ ಕಾಲಿಡುತ್ತಿದ್ದಾನೆ. ತಾಯಿ ಒಲೆಯ ಬಳಿ ಇದ್ದಾಳೆ. ಮಕ್ಕಳ ಮುಖದಲ್ಲಿ ಸಂತೋಷ. ಒಂದು ಬದಿಯಲ್ಲಿ ಪುಟ್ಟ ಪೀಠದ ಮೇಲೆ ಶಿಲುಬೆ. ಮೇಜಿನ ಮೇಲೆ ರೊಟ್ಟಿ. ಹೊರಗೆ ದೂರದ ಕೋಟೆಯ ಮೇಲೆ ದೇಶದ ಬಾವುಟ. ಚಿತ್ರದ ಜೊತೆ ಮೂರು ಪದಗಳು: ದೇವರು, ದೇಶ, ಕುಟುಂಬ. ಈ ಚಿತ್ರಮಾಲಿಕೆಗೆ ಇಟ್ಟ ಹೆಸರು 'ಸಾಲಜಾರರ ಪಾಠ'.

ಪ್ರಿಯ ಓದುಗರೇ, ಈ ಚಿತ್ರವನ್ನು ನಮ್ಮ ಯಾವ ಧರ್ಮಕೇಂದ್ರದ ಯಾವ ಮನೆಯಲ್ಲಿ ತೂಗುಹಾಕಿದರೂ ಯಾರೂ ಬೇಡವೆನ್ನಲಾರರು. ಸಂಜೆಯಾದರೆ ಪೀಠದ ಮುಂದೆ ದೀಪ ಹಚ್ಚಿ ಜಪಸರ ಹೇಳುವ ಮನೆಗಳು ನಮ್ಮವು. ಆ ಚಿತ್ರ ನಮಗೂ ಹಿಡಿಸುತ್ತದೆ. ಅದಕ್ಕಾಗಿಯೇ ಆ ಚಿತ್ರವನ್ನು ಶಾಲೆಗೆ ಕಳುಹಿಸಿದವರ ಕಥೆಯನ್ನು ನಾವು ಸ್ವಲ್ಪ ನಿಧಾನವಾಗಿ ಓದಬೇಕಾಗಿದೆ. ಅಂತೋನಿಯೊ ದೆ ಒಲಿವೇರಾ ಸಾಲಜಾರ್ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಆಮೇಲೆ ಅರ್ಥಮಂತ್ರಿಯಾದರು, ಆಮೇಲೆ 36 ವರ್ಷ ಪ್ರಧಾನಮಂತ್ರಿಯಾಗಿ ಆ ದೇಶವನ್ನು ಆಳಿದರು. ಬಲಿಪೂಜೆಗೆ ಹೋಗುತ್ತಿದ್ದರು. ಬ್ರಹ್ಮಚಾರಿ. ಸರ್ಕಾರದ ಹಣವನ್ನು ಮುಟ್ಟಿದವರಲ್ಲ. ಧರ್ಮಸಭೆಗೆ ಗೌರವ ಕೊಟ್ಟವರು. ಒಬ್ಬ ಆಳುವವನಿಂದ ಕಥೋಲಿಕರು ಇನ್ನೇನು ಬಯಸಬೇಕು ಎಂದು ಯಾರಾದರೂ ಕೇಳಬಹುದು. ಆ ದೇಶದಲ್ಲಿ ಹಾಗೆ ಕೇಳಿದವರು ಬಹಳ ಮಂದಿ.

ಸಾಲಜಾರ್ ಹುಟ್ಟಿದ್ದು 1889ರ ಏಪ್ರಿಲ್ 28ರಂದು, ವಿಸೆಯು ಜಿಲ್ಲೆಯ ಸಾಂತ ಕೊಂಬ ದಾಂವ್ ಪಟ್ಟಣದ ಬಳಿಯ ವಿಮಿಯೇರೊ ಎಂಬ ಹಳ್ಳಿಯಲ್ಲಿ. ತಂದೆ ಜಮೀನುದಾರರೊಬ್ಬರ ಆಸ್ತಿಯ ಪಾರುಪತ್ಯ ನೋಡಿಕೊಳ್ಳುತ್ತಿದ್ದರು. ನಾಲ್ವರು ಹೆಣ್ಣುಮಕ್ಕಳ ಬೆನ್ನಿಗೆ ಹುಟ್ಟಿದ ಒಬ್ಬನೇ ಗಂಡುಮಗ. ಬಡವರ ಮನೆಯ ಬುದ್ಧಿವಂತ ಹುಡುಗನಿಗೆ ಆ ಕಾಲದಲ್ಲಿ ಓದಿಗೆ ಇದ್ದ ದಾರಿ ಗುರುಮಠ. ನಮ್ಮ ಕಡೆಯೂ ಎಷ್ಟೋ ಮನೆಗಳಲ್ಲಿ ಹಾಗೆಯೇ ಆಗಿದೆಯಲ್ಲವೇ? 1900ರಲ್ಲಿ, 11ನೇ ವಯಸ್ಸಿನಲ್ಲಿ, ಸಾಲಜಾರ್ ವಿಸೆಯು ಗುರುಮಠ ಸೇರಿದರು. ಎಂಟು ವರ್ಷ ಅಲ್ಲಿ ಕಲಿತರು. ಕಿರಿಯ ದೀಕ್ಷೆಗಳನ್ನೂ ಪಡೆದರು. ಆದರೆ ಯಾಜಕದೀಕ್ಷೆಯವರೆಗೆ ಹೋಗಲಿಲ್ಲ. ಒಂದೆರಡು ವರ್ಷ ಶಾಲೆಯೊಂದರಲ್ಲಿ ಪಾಠ ಹೇಳಿ, 1910ರಲ್ಲಿ ಕೊಯಿಂಬ್ರಾ ವಿಶ್ವವಿದ್ಯಾನಿಲಯಕ್ಕೆ ಕಾನೂನು ಓದಲು ಹೋದರು.

ಅದೇ ವರ್ಷದ ಅಕ್ಟೋಬರ್ 5ರಂದು ಪೋರ್ಚುಗಲ್‌ನಲ್ಲಿ ರಾಜಪ್ರಭುತ್ವ ಬಿದ್ದುಹೋಯಿತು. ಹೊಸ ಗಣರಾಜ್ಯದ ನಾಯಕರಿಗೆ ಧರ್ಮಸಭೆಯ ಮೇಲೆ ಕಡುಕೋಪ. ಯೇಸುಸಭೆಯವರನ್ನು ದೇಶದಿಂದ ಹೊರಗಟ್ಟಲಾಯಿತು. ಮಠಗಳು ಮುಚ್ಚಿದವು. 1911ರ ಏಪ್ರಿಲ್‌ನಲ್ಲಿ ಬಂದ ಕಾನೂನು ದೇವಾಲಯಗಳ ಆಸ್ತಿಯನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಪೋರ್ತೊ ನಗರದ ಧರ್ಮಾಧ್ಯಕ್ಷ ಅಂತೋನಿಯೊ ಬರೋಸೊ ಅವರನ್ನು ಅವರ ಧರ್ಮಪ್ರಾಂತ್ಯದಿಂದಲೇ ಹೊರಹಾಕಿದರು. ಈ ಬರೋಸೊ ಅವರು ಅದಕ್ಕೂ ಮುಂಚೆ ನಮ್ಮ ದೇಶದಲ್ಲಿ, ಮದರಾಸಿನ ಮೈಲಾಪುರದಲ್ಲಿ, ಧರ್ಮಾಧ್ಯಕ್ಷರಾಗಿದ್ದವರು. ಪೋರ್ತೊವಿನ ಧರ್ಮಪೀಠವನ್ನು ಓದುಗರು ನೆನಪಿಟ್ಟುಕೊಳ್ಳಿ. ಮುಂದೆ ಅದರ ವಿಷಯ ಮತ್ತೆ ಬರುತ್ತದೆ.

ಇಂತಹ ಕಾಲದಲ್ಲಿ ಕೊಯಿಂಬ್ರಾದ ಕಥೋಲಿಕ ವಿದ್ಯಾರ್ಥಿಗಳು ಒಂದುಗೂಡಿದರು. ಅವರಲ್ಲಿ ಮನುಯೆಲ್ ಗೊನ್ಸಾಲ್ವೆಸ್ ಸೆರೆಜೇರಾ ಎಂಬ ಯುವಕರೂ ಇದ್ದರು. ಸಾಲಜಾರ್ ಮತ್ತು ಸೆರೆಜೇರಾ ಆಪ್ತ ಗೆಳೆಯರಾಗಿ ಹಲವು ವರ್ಷ ಒಂದೇ ಮನೆಯಲ್ಲಿ ವಾಸಿಸಿದರು. ಒಬ್ಬರು ಯಾಜಕರಾಗಿ 1929ರಲ್ಲಿ ಲಿಸ್ಬನ್ನಿನ ಪೇಟ್ರಿಯಾರ್ಕ್ ಆದರು, ಕಾರ್ಡಿನಲ್ ಆದರು. ಇನ್ನೊಬ್ಬರು ದೇಶ ಆಳಿದರು. ಒಂದೇ ಮನೆಯ ಇಬ್ಬರು ಗೆಳೆಯರು ಒಂದು ದೇಶದ ಧರ್ಮಪೀಠ ಮತ್ತು ಅಧಿಕಾರಪೀಠ ಎರಡನ್ನೂ ಹತ್ತಿದ ಉದಾಹರಣೆ ಚರಿತ್ರೆಯಲ್ಲಿ ಹೆಚ್ಚು ಸಿಗಲಿಕ್ಕಿಲ್ಲ.

ಸಾಲಜಾರ್ 1914ರಲ್ಲಿ 20ಕ್ಕೆ 19 ಅಂಕ ಪಡೆದು ಪದವಿ ಮುಗಿಸಿದರು. ಕಾಗದದ ಹಣಕ್ಕೂ ಚಿನ್ನಕ್ಕೂ ನಡುವಿನ ಬೆಲೆಯ ಅಂತರದ ಮೇಲೆ ಒಂದು ಪ್ರಬಂಧ, ದೇಶದ ಗೋಧಿಯ ಸಮಸ್ಯೆಯ ಮೇಲೆ ಇನ್ನೊಂದು ಬರೆದರು. ಅರ್ಥಶಾಸ್ತ್ರದ ಅಧ್ಯಾಪಕರಾಗಿ ಹೆಸರು ಮಾಡಿದರು. 1921ರಲ್ಲಿ ಕಥೋಲಿಕ ಪಕ್ಷದ ಅಭ್ಯರ್ಥಿಯಾಗಿ ಸಂಸತ್ತಿಗೆ ಆಯ್ಕೆಯಾದರು. ಒಂದು ದಿನ ಸದನದಲ್ಲಿ ಕುಳಿತು, ಅಲ್ಲಿಯ ಗಲಾಟೆ ನೋಡಿ, ಕೊಯಿಂಬ್ರಾಕ್ಕೆ ಮರಳಿದರು. ಚುನಾವಣೆ, ಪಕ್ಷ, ವಾದವಿವಾದ ಇವುಗಳ ಮೇಲಿನ ಅವರ ತಾತ್ಸಾರ ಆಗಲೇ ಗಟ್ಟಿಯಾಗಿತ್ತೆಂದು ನಮಗೆ ತೋರುತ್ತದೆ.

ಆ ತಾತ್ಸಾರಕ್ಕೆ ಕಾರಣವಿರಲಿಲ್ಲವೆಂದಲ್ಲ. ಗಣರಾಜ್ಯದ 16 ವರ್ಷಗಳಲ್ಲಿ ಸುಮಾರು 45 ಸರ್ಕಾರಗಳು ಬಂದುಹೋದವು. ಮೊದಲ ಮಹಾಯುದ್ಧಕ್ಕೆ ಕೈಹಾಕಿ ದೇಶ ಸಾಲದಲ್ಲಿ ಮುಳುಗಿತು. ಹಣದ ಬೆಲೆ ಕುಸಿಯಿತು. 1926ರ ಮೇ 28ರಂದು ಸೈನ್ಯ ಅಧಿಕಾರ ಹಿಡಿದಾಗ ಜನ ಹೆಚ್ಚು ಅಳಲಿಲ್ಲ. ಸೈನಿಕರು ಸಾಲಜಾರರನ್ನು ಅರ್ಥಮಂತ್ರಿಯಾಗಲು ಕರೆದರು. ಅವರು ಹೋದರು. ಕೇಳಿದ ಅಧಿಕಾರ ಸಿಗದೆ ಕೆಲವೇ ದಿನಗಳಲ್ಲಿ ಹಿಂದಿರುಗಿದರು. ಸೈನಿಕರ ಕೈಯಲ್ಲಿ ಖಜಾನೆ ಇನ್ನಷ್ಟು ಬರಿದಾಯಿತು. ಸರ್ಕಾರ ರಾಷ್ಟ್ರಸಂಘದ ಮೂಲಕ ಒಂದು ಕೋಟಿ 20 ಲಕ್ಷ ಪೌಂಡ್ ಸಾಲ ಎತ್ತಲು ಹೊರಟಿತು. ಹಣ ಕೊಡುತ್ತೇವೆ, ಆದರೆ ನಿಮ್ಮ ಲೆಕ್ಕವನ್ನು ನಮ್ಮವರು ನೋಡಿಕೊಳ್ಳುತ್ತಾರೆ ಎಂಬ ಷರತ್ತು ಬಂತು. ಪೋರ್ಚುಗಲ್‌ಗೆ ಅದು ಅವಮಾನವೆನಿಸಿತು. ಸಾಲ ಬೇಡವೆಂದರು. ಬೇರೆ ದಾರಿ ಕಾಣದೆ 1928ರ ಏಪ್ರಿಲ್‌ನಲ್ಲಿ ಮತ್ತೆ ಕೊಯಿಂಬ್ರಾದ ಪ್ರಾಧ್ಯಾಪಕರನ್ನೇ ಕರೆದರು.

ಈ ಸಲ ಅವರು ಷರತ್ತು ಹಾಕಿಯೇ ಬಂದರು. ಪ್ರತಿಯೊಂದು ಖಾತೆಯೂ ಅರ್ಥಖಾತೆ ಕೊಟ್ಟ ಮೊತ್ತದೊಳಗೇ ಬದುಕಬೇಕು. ವರಮಾನ ಅಥವಾ ಖರ್ಚನ್ನು ಮುಟ್ಟುವ ಯಾವ ತೀರ್ಮಾನವನ್ನೂ ಮೊದಲು ಅರ್ಥಖಾತೆಯೊಡನೆ ಚರ್ಚಿಸಬೇಕು. ಖರ್ಚು ಹೆಚ್ಚಿಸುವ ಯಾವ ಪ್ರಸ್ತಾಪವನ್ನೂ ತಡೆಯುವ ಹಕ್ಕು ಅರ್ಥಮಂತ್ರಿಗೆ ಇರಬೇಕು. ಏಪ್ರಿಲ್ 27ರಂದು ಪ್ರಮಾಣವಚನ ಸ್ವೀಕರಿಸಿದಾಗ ಅವರು ಮಾಡಿದ ಚಿಕ್ಕ ಭಾಷಣ ಇಂದಿಗೂ ಪ್ರಸಿದ್ಧ. ತನಗೆ ಏನು ಬೇಕು, ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದು ತನಗೆ ಚೆನ್ನಾಗಿ ಗೊತ್ತು. ದೇಶ ವಿಚಾರಿಸಲಿ, ಆಕ್ಷೇಪಿಸಲಿ, ಚರ್ಚಿಸಲಿ, ಆದರೆ ತಾನು ಆಜ್ಞೆ ಮಾಡುವ ಗಳಿಗೆ ಬಂದಾಗ ವಿಧೇಯವಾಗಿರಲಿ ಎಂಬುದು ಅದರ ಸಾರ.

ಅರ್ಥಮಂತ್ರಿಯಾಗಿ ಅವರು ಗೆದ್ದರು, ಅದರಲ್ಲಿ ಅನುಮಾನವಿಲ್ಲ. ತೆರಿಗೆ ಹೆಚ್ಚಿಸಿದರು, ಖರ್ಚು ಕತ್ತರಿಸಿದರು. ಮೊದಲ ವರ್ಷವೇ, 1928-29ರಲ್ಲಿ, ಮುಂಗಡಪತ್ರದಲ್ಲಿ ಕೊರತೆಯ ಬದಲು ಮಿಗತೆ ತೋರಿಸಿದರು. ಆಮೇಲೆ ವರ್ಷದ ಮೇಲೆ ವರ್ಷ ಮಿಗತೆಯೇ. ಎಸ್ಕುದೊ ನಾಣ್ಯ ಗಟ್ಟಿಯಾಯಿತು. ಸಾಲ ತೀರಿತು. ಹೊರದೇಶದ ಪತ್ರಿಕೆಗಳು ಹೊಗಳಿದವು. ಒಬ್ಬ ಗೃಹಿಣಿ ಮನೆಯ ಖರ್ಚನ್ನು ನಡೆಸುವ ಹಾಗೆ ದೇಶದ ಲೆಕ್ಕ ನಡೆಸಿದರು ಎಂಬ ಮಾತು ಹಬ್ಬಿತು. ಅವರ ಬದುಕೂ ಹಾಗೆಯೇ ಇತ್ತು. ಪ್ರಧಾನಿಯ ನಿವಾಸದ ಹಿತ್ತಿಲಲ್ಲಿ ಅವರ ಮನೆಯ ಮೇಲ್ವಿಚಾರಕಿ ಕೋಳಿ ಸಾಕುತ್ತಿದ್ದರು. ಲಂಚದಲ್ಲಿ ಕೊಬ್ಬಿದ ರಾಜಕಾರಣಿಗಳನ್ನೇ ಕಂಡು ಬೇಸತ್ತ ನಮಗೆ ಇದನ್ನು ಓದಿದಾಗ ಹೊಟ್ಟೆಕಿಚ್ಚಾದರೂ ಆಗಬಹುದು.

ಆದರೆ ಮಿಗತೆಯ ಹಣ ಎಲ್ಲಿಂದ ಮಿಕ್ಕಿತು ಎಂದು ಕೇಳುವುದೂ ಲೆಕ್ಕದ ಭಾಗವೇ. ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಮೂರು ವರ್ಷಕ್ಕೆ ಇಳಿಸಲಾಯಿತು. 1970ರ ಜನಗಣತಿಯ ಹೊತ್ತಿಗೂ ಪೋರ್ಚುಗೀಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಓದುಬರಹ ಬರುತ್ತಿರಲಿಲ್ಲ. ಬ್ಯಾಂಕಿನ ನೆಲಮಾಳಿಗೆಯಲ್ಲಿ ಮಾತ್ರ 800 ಟನ್‌ಗೂ ಹೆಚ್ಚು ಚಿನ್ನ ಸೇರಿತ್ತು. 1960ರ ದಶಕದಲ್ಲಿ ಕೈಗಾರಿಕೆ ಬೆಳೆದದ್ದು ನಿಜ. ಅದೇ ದಶಕದಲ್ಲಿ ಲಕ್ಷಾಂತರ ಹಳ್ಳಿಗರು ಕೂಲಿ ಹುಡುಕಿಕೊಂಡು ಫ್ರಾನ್ಸಿಗೆ ಹೋದರು. ಅನೇಕರು ರಾತ್ರೋರಾತ್ರಿ ಗಡಿ ದಾಟಿದವರು. ಗೋಡೆಯ ಚಿತ್ರದಲ್ಲಿ ಹೊಲದಿಂದ ಮನೆಗೆ ಬಂದ ಆ ತಂದೆ ನಿಜಜೀವನದಲ್ಲಿ ಪ್ಯಾರಿಸ್ಸಿನ ಹೊರವಲಯದ ಜೋಪಡಿಯಲ್ಲಿ ಮಲಗಿದ್ದ.

1932ರ ಜುಲೈ 5ರಂದು ಸಾಲಜಾರ್ ಪ್ರಧಾನಿಯಾದರು. ಮರುವರ್ಷ ಹೊಸ ಸಂವಿಧಾನ ಬಂತು. ಅದಕ್ಕಾಗಿ ನಡೆದ ಜನಮತದಲ್ಲಿ ಮತಗಟ್ಟೆಗೆ ಬಾರದವರನ್ನೂ 'ಹೌದು' ಎಂದವರೆಂದೇ ಎಣಿಸಿದರು. ಲೆಕ್ಕದಲ್ಲಿ ಇಷ್ಟು ಕಟ್ಟುನಿಟ್ಟಾದ ಮನುಷ್ಯ ಇಲ್ಲಿ ಮಾತ್ರ ಇಂತಹ ಲೆಕ್ಕಕ್ಕೆ ಒಪ್ಪಿದರು! ಈ ಆಡಳಿತವನ್ನು 'ನವರಾಜ್ಯ' ಎಂದು ಕರೆದರು. ಒಂದೇ ಪಕ್ಷ. ಪತ್ರಿಕೆಗಳಿಗೆ ಸೆನ್ಸಾರ್. ಮುಷ್ಕರಕ್ಕೆ ನಿಷೇಧ. ಗುಪ್ತ ಪೊಲೀಸ್. 1936ರಲ್ಲಿ ಕೇಪ್ ವರ್ಡೆ ದ್ವೀಪದ ತರಾಫಾಲ್ ಎಂಬಲ್ಲಿ ರಾಜಕೀಯ ಕೈದಿಗಳ ಶಿಬಿರ ತೆರೆಯಿತು. ಕಾರ್ಮಿಕರ ಬಗ್ಗೆ ಜಗದ್ಗುರುಗಳು ಬರೆದ ಪರಿಪತ್ರಗಳ ಮೇಲೆಯೇ ತಮ್ಮ ವ್ಯವಸ್ಥೆ ನಿಂತಿದೆ ಎಂದು ಸರ್ಕಾರ ಹೇಳಿಕೊಳ್ಳುತ್ತಿತ್ತು. ಆ ಪರಿಪತ್ರಗಳು ಕಾರ್ಮಿಕರಿಗೆ ತಮ್ಮದೇ ಸಂಘ ಕಟ್ಟುವ ಹಕ್ಕಿದೆ ಎನ್ನುತ್ತವೆ. ಪೋರ್ಚುಗಲ್‌ನಲ್ಲಿ ಸಂಘ ಕಟ್ಟಿದ್ದು ಸರ್ಕಾರ.

ಧರ್ಮಸಭೆಗೆ ಆದ ಅನುಕೂಲವನ್ನು ಮರೆಮಾಚುವುದು ಸರಿಯಲ್ಲ. 1940ರ ಮೇ 7ರಂದು ರೋಮಿನ ಪವಿತ್ರಪೀಠದೊಡನೆ ಒಪ್ಪಂದವಾಯಿತು. ದೇವಾಲಯದಲ್ಲಿ ನಡೆದ ವಿವಾಹಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು. ಶಾಲೆಗಳಲ್ಲಿ ಧರ್ಮೋಪದೇಶ ಮರಳಿ ಬಂತು. ಪ್ರವಾಸಿ ಯಾತ್ರಿಕರಿಂದ ಫಾತಿಮಾ ತುಂಬಿತುಳುಕಿತು. ಗಣರಾಜ್ಯದ ಕಾಲದಲ್ಲಿ ಕಲ್ಲೇಟು ತಿಂದ ಯಾಜಕರು, ಬೀದಿಪಾಲಾದ ಕನ್ಯಾಸ್ತ್ರೀಯರು ನಿಟ್ಟುಸಿರು ಬಿಟ್ಟರು. ಅವರ ಕೃತಜ್ಞತೆಯನ್ನು ನಾವು ಕುಳಿತಲ್ಲಿಂದ ಹೀಗಳೆಯಲಾಗದು. 1937ರ ಜುಲೈ 4ರಂದು, ಭಾನುವಾರ, ಸಾಲಜಾರ್ ಗೆಳೆಯರೊಬ್ಬರ ಮನೆಯ ಪ್ರಾರ್ಥನಾಲಯಕ್ಕೆ ಬಲಿಪೂಜೆಗೆ ಬಂದು ಕಾರಿನಿಂದಿಳಿದಾಗ ಹತ್ತಿರದಲ್ಲೇ ಬಾಂಬು ಸಿಡಿಯಿತು. ಅವರಿಗೆ ಗಾಯವಾಗಲಿಲ್ಲ. ಬಟ್ಟೆಯ ಧೂಳು ಕೊಡವಿಕೊಂಡು ಒಳಗೆ ಹೋಗಿ ಪೂಜೆ ಕೇಳಿದರು. ದೇವರೇ ಕಾಪಾಡಿದ ಎಂದು ದೇಶದ ತುಂಬ ಸ್ತುತಿ ಹಾಡಿದರು.

ಈಗ ಅವರ ಊರಿನಿಂದ ಹೆಚ್ಚು ದೂರವಿಲ್ಲದ, ಅದೇ ವಿಸೆಯು ಜಿಲ್ಲೆಯ ಕಬಾನಸ್ ದೆ ವಿರಿಯಾತೊ ಎಂಬ ಊರಿನ ಇನ್ನೊಬ್ಬ ಕಥೋಲಿಕರ ಕಥೆ. ಅವರ ಹೆಸರು ಅರಿಸ್ತಿದೆಸ್ ದೆ ಸೋಜಾ ಮೆಂದೆಸ್. ಅವರೂ ಕೊಯಿಂಬ್ರಾದಲ್ಲಿ ಕಾನೂನು ಓದಿದವರು. ಅವರ ಅವಳಿ ಸೋದರ ಸಾಲಜಾರರ ಮೊದಲ ಮಂತ್ರಿಮಂಡಲದಲ್ಲಿ ವಿದೇಶಾಂಗ ಮಂತ್ರಿ. ಅರಿಸ್ತಿದೆಸ್ 1940ರಲ್ಲಿ ಫ್ರಾನ್ಸಿನ ಬೋರ್ದೊ ನಗರದಲ್ಲಿ ಪೋರ್ಚುಗಲ್ಲಿನ ಕಾನ್ಸುಲ್ ಆಗಿದ್ದರು. ಮನೆ ತುಂಬ ಮಕ್ಕಳು, ಒಟ್ಟು ಹದಿನಾಲ್ಕು. ಯೆಹೂದ್ಯರಿಗೆ, ನೆಲೆ ಕಳೆದುಕೊಂಡವರಿಗೆ ಲಿಸ್ಬನ್ನಿನ ಅಪ್ಪಣೆಯಿಲ್ಲದೆ ವೀಸಾ ಕೊಡಕೂಡದೆಂದು 1939ರ ನವೆಂಬರ್‌ನಲ್ಲೇ ಸಾಲಜಾರರ ಸರ್ಕಾರ ಸುತ್ತೋಲೆ ಕಳುಹಿಸಿತ್ತು. ಆಗ ವಿದೇಶಾಂಗ ಖಾತೆಯೂ ಸಾಲಜಾರರ ಕೈಯಲ್ಲೇ ಇತ್ತು.

1940ರ ಜೂನ್‌ನಲ್ಲಿ ಹಿಟ್ಲರನ ಸೈನ್ಯ ಪ್ಯಾರಿಸ್ ಹೊಕ್ಕಿತು. ಓಡಿಬಂದ ಜನ ಬೋರ್ದೊವಿನ ಬೀದಿಗಳಲ್ಲಿ, ಕಾನ್ಸುಲ್ ಕಚೇರಿಯ ಮೆಟ್ಟಿಲುಗಳಲ್ಲಿ ಮಲಗಿದ್ದರು. ಸೋಜಾ ಮೆಂದೆಸ್ ಕೆಲವು ದಿನ ಹಾಸಿಗೆ ಹಿಡಿದರು. ಎದ್ದುಬಂದವರು ಯಾವ ದೇಶ, ಯಾವ ಜನಾಂಗ, ಯಾವ ಧರ್ಮ ಎಂದು ನೋಡದೆ ಎಲ್ಲರಿಗೂ ವೀಸಾ ಕೊಡುವುದಾಗಿ ತಿಳಿಸಿದರು. ತಮ್ಮ ಕ್ರೈಸ್ತ ಮನಸ್ಸಾಕ್ಷಿ ಹಾಗೆ ಹೇಳುತ್ತದೆ ಎಂಬುದೇ ಅವರ ಕಾರಣ. ಹಗಲುರಾತ್ರಿ ಕುಳಿತು ಸಹಿ ಹಾಕಿದರು. ಸಾವಿರಾರು ಮಂದಿ ಬದುಕಿಕೊಂಡರು. ಲಿಸ್ಬನ್ ಅವರನ್ನು ವಾಪಸು ಕರೆಸಿ ವಿಚಾರಣೆ ನಡೆಸಿತು. ಹುದ್ದೆ ಹೋಯಿತು. ದೊಡ್ಡ ಮನೆತನದ ಆ ಸಂಸಾರ ಲಿಸ್ಬನ್ನಿನ ಯೆಹೂದ್ಯ ಸಮುದಾಯ ನಡೆಸುತ್ತಿದ್ದ ಗಂಜಿಕೇಂದ್ರದಲ್ಲಿ ಊಟ ಮಾಡುವ ದಿನ ಬಂತು. 1954ರ ಏಪ್ರಿಲ್ 3ರಂದು ಫ್ರಾನ್ಸಿಸ್ಕನ್ನರ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಇತ್ತ ಯುದ್ಧ ಮುಗಿದ ಮೇಲೆ, ನಿರಾಶ್ರಿತರಿಗೆ ಬಾಗಿಲು ತೆರೆದ ಕೀರ್ತಿಯನ್ನು ಸರ್ಕಾರ ತನ್ನದೆಂದೇ ಹೇಳಿಕೊಂಡಿತು.

ಇನ್ನು ಪೋರ್ತೊವಿನ ಧರ್ಮಪೀಠದ ವಿಷಯ. 1958ರಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆ ಬಂತು. ಉಂಬೆರ್ತೊ ದೆಲ್ಗಾದೊ ಎಂಬ ಸೇನಾಧಿಕಾರಿ ಸರ್ಕಾರದ ಅಭ್ಯರ್ಥಿಯ ವಿರುದ್ಧ ನಿಂತರು. ಗೆದ್ದರೆ ಸಾಲಜಾರರನ್ನು ಏನು ಮಾಡುತ್ತೀರಿ ಎಂದು ಪತ್ರಕರ್ತರು ಕೇಳಿದಾಗ, ಕೆಲಸದಿಂದ ತೆಗೆಯುತ್ತೇನೆ ಎಂದು ಒಂದೇ ಮಾತಿನಲ್ಲಿ ಹೇಳಿದರು. ಜನ ಬೀದಿಗಿಳಿದರು. ಸರ್ಕಾರ ತನ್ನವರೇ ಗೆದ್ದರೆಂದು ಘೋಷಿಸಿತು. ಮುಂದೆ 1965ರಲ್ಲಿ ದೆಲ್ಗಾದೊ ಅವರನ್ನು ಗುಪ್ತ ಪೊಲೀಸರು ಸ್ಪೇನಿನ ಗಡಿಯಲ್ಲಿ ಕೊಂದರು.

ಆ ಚುನಾವಣೆ ಮುಗಿದ ಮರುತಿಂಗಳು, 1958ರ ಜುಲೈ 13ರಂದು, ಪೋರ್ತೊವಿನ ಧರ್ಮಾಧ್ಯಕ್ಷ ಅಂತೋನಿಯೊ ಫೆರೇರಾ ಗೋಮೆಸ್ ಪ್ರಧಾನಿಗೆ ಒಂದು ದೀರ್ಘ ಪತ್ರ ಬರೆದರು. ಭೇಟಿಯಾಗಿ ಮಾತನಾಡುವ ಮುನ್ನ ವಿಷಯಗಳನ್ನು ತಿಳಿಸಲು ಬರೆದ ಟಿಪ್ಪಣಿ ಅದು. ಹಳ್ಳಿಯ ಬಡವರ, ಕೂಲಿಗಳ ದುಃಸ್ಥಿತಿಯನ್ನು ಅದರಲ್ಲಿ ಬಿಚ್ಚಿಟ್ಟರು. ಕಾರ್ಮಿಕರಿಗೆ ಮುಷ್ಕರದ ಹಕ್ಕು ಏಕಿಲ್ಲ ಎಂದು ಕೇಳಿದರು. ಧರ್ಮಸಭೆ ತನ್ನ ಸಾಮಾಜಿಕ ಬೋಧನೆಯನ್ನು ಸ್ವತಂತ್ರವಾಗಿ ಕಲಿಸಲು, ವಿಶ್ವಾಸಿಗಳು ತಮ್ಮ ರಾಜಕೀಯ ಅಭಿಪ್ರಾಯವನ್ನು ತಾವೇ ರೂಪಿಸಿಕೊಳ್ಳಲು ಸರ್ಕಾರದ ಆಕ್ಷೇಪವೇನಾದರೂ ಉಂಟೇ ಎಂದು ಕೇಳಿದರು. ಬಾಂಬಿಗೆ ಹೆದರದ ಸಾಲಜಾರ್ ಈ ಪತ್ರವನ್ನು ಸಹಿಸಲಿಲ್ಲ. 1959ರ ಜುಲೈನಲ್ಲಿ ವಿಶ್ರಾಂತಿಗೆಂದು ಹೊರದೇಶಕ್ಕೆ ಹೋದ ಧರ್ಮಾಧ್ಯಕ್ಷರು ಮರಳಿ ಬಂದಾಗ ಗಡಿಯಲ್ಲಿ ತಡೆದರು. ಹತ್ತು ವರ್ಷ ಅವರು ಪರದೇಶದಲ್ಲಿ ಅಲೆದರು. ಅಲ್ಲಿಂದಲೇ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಪಾಲ್ಗೊಂಡರು. ರೋಮ್ ಅವರ ಧರ್ಮಪೀಠವನ್ನು ಕಿತ್ತುಕೊಳ್ಳಲಿಲ್ಲ. ಆಡಳಿತಾಧಿಕಾರಿಯೊಬ್ಬರನ್ನು ನೇಮಿಸಿ ಪೋರ್ತೊವನ್ನು ನಡೆಸಿತು. ಸಾಲಜಾರರ ಹಳೆಯ ಗೆಳೆಯ ಕಾರ್ಡಿನಲ್ ಸೆರೆಜೇರಾ ಅವರ ಪರವಾಗಿ ಬಹಿರಂಗವಾಗಿ ನಿಲ್ಲಲಿಲ್ಲ.

ಪೋರ್ತೊವಿನ ಒಬ್ಬ ಧರ್ಮಾಧ್ಯಕ್ಷರನ್ನು ಹೊರಹಾಕಿದ್ದು ದೇವರನ್ನು ನಂಬದ ಸರ್ಕಾರ. ಇನ್ನೊಬ್ಬರನ್ನು ಹೊರಗಿಟ್ಟದ್ದು ಪೂಜೆ ತಪ್ಪಿಸದ ಪ್ರಧಾನಿ.

ಇಷ್ಟಾದರೂ ಇದೆಲ್ಲ ದೂರದ ಸಂಗತಿ ಎಂದು ನಮಗನ್ನಿಸಬಹುದು. ಆದರೆ ಸಾಲಜಾರರ ಅಧಿಕಾರದ ಕೈ ನಮ್ಮ ಅಂಗಳದವರೆಗೂ ಚಾಚಿತ್ತು. ಪೂರ್ವದೇಶಗಳಲ್ಲಿ ದೇವಾಲಯ ಕಟ್ಟಿಸಿ, ಧರ್ಮಪ್ರಚಾರಕರನ್ನು ಸಾಕುವ ಹೊಣೆಗೆ ಪ್ರತಿಯಾಗಿ ಧರ್ಮಾಧ್ಯಕ್ಷರ ಹೆಸರು ಸೂಚಿಸುವ ಹಕ್ಕನ್ನು ಜಗದ್ಗುರುಗಳು ಹಿಂದೆ ಪೋರ್ಚುಗಲ್ಲಿನ ಅರಸರಿಗೆ ಕೊಟ್ಟಿದ್ದರು. ಇದನ್ನೇ 'ಪದ್ರೊವಾದೊ' ಎನ್ನುವುದು. ಅರಸರು ಹೋದರೂ ಹಕ್ಕು ಪೂರ್ತಿ ಹೋಗಲಿಲ್ಲ. ಸಾಲಜಾರ್ ಅರ್ಥಮಂತ್ರಿಯಾಗುವ ಹನ್ನೆರಡು ದಿನ ಮುಂಚೆ, 1928ರ ಏಪ್ರಿಲ್ 15ರಂದು, ರೋಮ್ ಮತ್ತು ಲಿಸ್ಬನ್ ಮಾಡಿಕೊಂಡ ಒಪ್ಪಂದದಂತೆ ಮಂಗಳೂರು, ಕೊಲ್ಲಂ, ತಿರುಚ್ಚಿನಾಪಳ್ಳಿ ಮೊದಲಾದ ಕಡೆಗಳ ಧರ್ಮಾಧ್ಯಕ್ಷರ ಹೆಸರನ್ನು ಪೋರ್ಚುಗಲ್ಲಿನ ರಾಷ್ಟ್ರಾಧ್ಯಕ್ಷರ ಮುಂದಿಡಬೇಕಿತ್ತು. ಮಂಗಳೂರಿನ ನಮ್ಮ ಅಜ್ಜಂದಿರ ಕಾಲದಲ್ಲಿ ಅವರ ಕುರುಬನ ನೇಮಕಕ್ಕೆ ಲಿಸ್ಬನ್ನಿನ ಮೇಜಿನ ಮೇಲೂ ಒಂದು ಕಾಗದ ಹಾದುಹೋಗಬೇಕಿತ್ತು! ಭಾರತ ಸ್ವತಂತ್ರವಾದ ಮೂರು ವರ್ಷಗಳ ಮೇಲೆ, 1950ರ ಜುಲೈ 18ರಂದು, ಪೋರ್ಚುಗಲ್ ಈ ಹಕ್ಕನ್ನು ಬಿಟ್ಟುಕೊಟ್ಟಿತು. 1953ರ ಸೆಪ್ಟೆಂಬರ್‌ನಲ್ಲಿ ಗೋವಾ ಮಹಾಧರ್ಮಪ್ರಾಂತ್ಯದಿಂದ ಬೇರ್ಪಡಿಸಿ ಬೆಳಗಾವಿ ಧರ್ಮಪ್ರಾಂತ್ಯವನ್ನು ರಚಿಸಲಾಯಿತು. ಕಾರವಾರದ ಕಡೆಯ ಧರ್ಮಕೇಂದ್ರಗಳು ಅದಕ್ಕೆ ಸೇರಿ, 1976ರಲ್ಲಿ ತಮ್ಮದೇ ಧರ್ಮಪ್ರಾಂತ್ಯವಾದವು.

ಗೋವಾವನ್ನು ಮಾತ್ರ ಸಾಲಜಾರ್ ಬಿಡಲಿಲ್ಲ. 1951ರಲ್ಲಿ ವಸಾಹತು ಎಂಬ ಪದವನ್ನೇ ಸಂವಿಧಾನದಿಂದ ತೆಗೆದು 'ಸಾಗರದಾಚೆಯ ಪ್ರಾಂತ್ಯ' ಎಂದು ಬರೆಸಿದರು. ಗೋವಾ ಪೋರ್ಚುಗಲ್ಲಿನ ಅಂಗ, ಅದನ್ನು ಕೇಳುವ ಹಕ್ಕು ಭಾರತಕ್ಕಿಲ್ಲ ಎಂಬುದು ಅವರ ವಾದ. ಅಲ್ಲಿಯ ಕ್ರೈಸ್ತರ ಹೆಸರನ್ನೂ ಆ ವಾದಕ್ಕೆ ಎಳೆದು ತಂದರು. ಗೋವಾದಲ್ಲಿ ಆಗ ಕ್ರೈಸ್ತರ ಸಂಖ್ಯೆ ಅರ್ಧಕ್ಕಿಂತ ಕಡಿಮೆ ಇತ್ತು. ಅವರಲ್ಲೂ ಎಲ್ಲರೂ ಲಿಸ್ಬನ್ನಿನ ಪರವೇನಲ್ಲ. ಚಾಂದೋರಿನ ಕಥೋಲಿಕ ಮನೆತನದಲ್ಲಿ ಹುಟ್ಟಿದ ತ್ರಿಸ್ತಾಂವ್ ಬ್ರಗಾಂಜಾ ಕುನ್ಹ 1928ರಲ್ಲೇ ಗೋವಾ ಕಾಂಗ್ರೆಸ್ ಸಮಿತಿ ಕಟ್ಟಿದ್ದರು. 1946ರ ಜೂನ್ 18ರಂದು ಡಾ. ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಸಭೆ ನಡೆಸಿದ ಬಳಿಕ ಚಳವಳಿ ಹಬ್ಬಿತು. ಕುನ್ಹ ಅವರನ್ನು ಬಂಧಿಸಿ, ಸೇನಾ ನ್ಯಾಯಾಲಯದಲ್ಲಿ ಎಂಟು ವರ್ಷದ ಶಿಕ್ಷೆ ವಿಧಿಸಿ, ಪೋರ್ಚುಗಲ್ಲಿನ ಪೆನಿಶೆ ಕೋಟೆಗೆ ಸಾಗಿಸಿದರು. ಮದುವೆಯ ಕರೆಯೋಲೆ ಅಚ್ಚು ಹಾಕಿಸಲೂ ಸೆನ್ಸಾರ್ ಅಧಿಕಾರಿಯ ಒಪ್ಪಿಗೆ ಬೇಕಾಗಿದ್ದ ಕಾಲ ಅದು. ಗೋವಾದ ಕಡೆಯ ಹಿರಿಯರಲ್ಲಿ ಕೆಲವರು ಪೋರ್ಚುಗೀಸರ ಕಾಲದಲ್ಲಿ ಎಲ್ಲವೂ ಶಾಂತವಾಗಿತ್ತು ಎನ್ನುವುದನ್ನು ನಾವೂ ಕೇಳಿದ್ದೇವೆ. ಆ ಶಾಂತಿಯೊಳಗೆ ಈ ಕರೆಯೋಲೆಯೂ ಇತ್ತು.

1955ರ ಜುಲೈನಲ್ಲಿ ಪ್ರಧಾನಿ ನೆಹರೂ ರೋಮಿನಲ್ಲಿ ಜಗದ್ಗುರು ಹನ್ನೆರಡನೇ ಭಕ್ತಿನಾಥರನ್ನು (ಪಿಯುಸ್) ಕಂಡರು. ಗೋವಾ ರಾಜಕೀಯ ಪ್ರಶ್ನೆ, ಧಾರ್ಮಿಕ ಪ್ರಶ್ನೆಯಲ್ಲ ಎಂಬ ಬಗ್ಗೆ ತಮ್ಮಿಬ್ಬರದೂ ಒಂದೇ ಅಭಿಪ್ರಾಯವೆಂದು ಆಮೇಲೆ ಪತ್ರಕರ್ತರಿಗೆ ತಿಳಿಸಿದರು. ಅದೇ ವರ್ಷ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಗಡಿ ಮುಚ್ಚಿತು. ಕ್ಯಾಸಲ್‌ರಾಕ್‌ನಿಂದ ಮುರ್ಮಗೋವಾಕ್ಕೆ ಇಳಿಯುತ್ತಿದ್ದ ರೈಲು ನಿಂತಿತು. ಗಡಿಯ ಎರಡೂ ಬದಿ ಬಂಧುಬಳಗವಿದ್ದ ಕಾರವಾರ, ಬೆಳಗಾವಿ ಕಡೆಯ ಮನೆಗಳಿಗೆ ಮದುವೆ, ಸಾವು, ಹಬ್ಬ ಎಲ್ಲವೂ ಕಷ್ಟವಾಯಿತು.

1961ರ ನವೆಂಬರ್‌ನಲ್ಲಿ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಿಂದ ಪೋರ್ಚುಗೀಸ್ ಸೈನಿಕರು 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವು ದಿನಗಳ ಮೇಲೆ ಮೀನುಗಾರರ ದೋಣಿಯ ಮೇಲೂ ಹಾರಿಸಿದರು, ಒಬ್ಬ ಮೀನುಗಾರ ಸತ್ತ. ಭಾರತದ ಸೈನ್ಯ ಬೆಳಗಾವಿಯಲ್ಲಿ ಜಮಾಯಿಸಿತು. ಡಿಸೆಂಬರ್ 14ರಂದು ಸಾಲಜಾರ್ ಗೋವಾದ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಅವರಿಗೆ ತಂತಿ ಕಳುಹಿಸಿದರು. ಶರಣಾಗತಿ ಇಲ್ಲ, ಯುದ್ಧಕೈದಿಗಳು ಇರಕೂಡದು, ಗೆದ್ದ ಇಲ್ಲವೇ ಸತ್ತ ಸೈನಿಕರು ಮಾತ್ರ ಎಂಬುದು ಅದರ ತಾತ್ಪರ್ಯ. ಕಳುಹಿಸಿದವರು ಗೋವಾವನ್ನಾಗಲಿ ಆಫ್ರಿಕಾದ ವಸಾಹತುಗಳನ್ನಾಗಲಿ ಜೀವಮಾನದಲ್ಲಿ ಒಮ್ಮೆಯೂ ಕಣ್ಣಾರೆ ಕಂಡವರಲ್ಲ. ಕ್ರಿಸ್ತಜಯಂತಿಗೆ ಉಳಿದದ್ದು ಹನ್ನೊಂದೇ ದಿನ.

ಡಿಸೆಂಬರ್ 18ರಂದು ಭಾರತದ ಸೈನ್ಯ ಒಳನುಗ್ಗಿತು. ಅಂಜದೀವ್‌ನಲ್ಲಿ ಇಳಿದ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ವಸ್ಸಾಲೊ ಇ ಸಿಲ್ವ ಅವರ ಬಳಿ ಇದ್ದದ್ದು ಮೂರು ಸಾವಿರ ಚಿಲ್ಲರೆ ಸೈನಿಕರು. ಊರುಗಳನ್ನು ಸುಡಿಸಿ, ಅವರೆಲ್ಲರನ್ನೂ ಸಾಯಿಸಿ ಸಾಧಿಸುವುದೇನಿಲ್ಲವೆಂದು ಅವರಿಗೆ ಗೊತ್ತಿತ್ತು. 19ರ ಸಂಜೆ ಶರಣಾದರು. ಆ ಸೈನಿಕರು ಕ್ರಿಸ್ತಜಯಂತಿಯನ್ನು ಶಿಬಿರದಲ್ಲಿ ಕಳೆದರು, ಮರುವರ್ಷ ಮೇ ತಿಂಗಳಲ್ಲಿ ಜೀವಂತವಾಗಿ ಮನೆ ಸೇರಿದರು. ಲಿಸ್ಬನ್ನಿನಲ್ಲಿ ಅವರನ್ನು ಹೇಡಿಗಳೆಂದು ಕಂಡರು. ಗವರ್ನರ್ ಜನರಲ್ ಅವರನ್ನು 1963ರಲ್ಲಿ ಸೈನ್ಯದಿಂದ ಹೊರಹಾಕಿದರು. 1962ರ ಜನವರಿ 3ರಂದು ಸಾಲಜಾರ್ ಸಂಸತ್ತಿಗೆ ಬಂದಾಗ ಅವರ ಧ್ವನಿ ಕಟ್ಟಿಹೋಗಿತ್ತು. ಅವರ ಭಾಷಣವನ್ನು ಇನ್ನೊಬ್ಬರು ಓದಿದರು.

1964ರ ಡಿಸೆಂಬರ್‌ನಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಜಗದ್ಗುರು ಆರನೇ ಪೌಲರು ಬಂದರು. ನಮ್ಮ ಹಿರಿಯರು ರೈಲು ಹತ್ತಿ ಹೋಗಿ ನೋಡಿಬಂದ ಆ ಭೇಟಿ ಲಿಸ್ಬನ್ನಿಗೆ ಬಹಿರಂಗ ಅವಮಾನವಾಗಿ ಕಂಡಿತು. 1967ರ ಮೇ 13ರಂದು ಅದೇ ಜಗದ್ಗುರುಗಳು ಫಾತಿಮಾಗೆ ಯಾತ್ರಿಕರಾಗಿ ಹೋದರು. ರಾಜಧಾನಿಗೆ ಹೋಗಲಿಲ್ಲ. ಹತ್ತಿರದ ಮಾಂತಿ ರಿಯಾಲ್ ವಾಯುನೆಲೆಯಲ್ಲಿ ಇಳಿದು, ಮಾತೆಯ ಸನ್ನಿಧಿಯಲ್ಲಿ ಪ್ರಾರ್ಥಿಸಿ, ಅದೇ ದಿನ ಮರಳಿದರು. ಅಷ್ಟರಲ್ಲಿ ಅಂಗೋಲ, ಗಿನಿ, ಮೊಜಾಂಬಿಕ್ ಮೂರೂ ಕಡೆ ಯುದ್ಧ ಹೊತ್ತಿ ಉರಿಯುತ್ತಿತ್ತು. ಮಿಗತೆಯ ಹಣ ಅಲ್ಲಿಗೆ ಹರಿಯಿತು, ಹಳ್ಳಿಯ ಮಕ್ಕಳೂ ಅಲ್ಲಿಗೇ ಹೋದರು.

1968ರ ಆಗಸ್ಟ್ 3ರಂದು ಎಸ್ತೊರಿಲ್ ಬಳಿಯ ಕೋಟೆಯಲ್ಲಿ ಬೇಸಿಗೆ ಕಳೆಯುತ್ತಿದ್ದ ಸಾಲಜಾರ್ ಕುರ್ಚಿಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸೆಪ್ಟೆಂಬರ್‌ನಲ್ಲಿ ತಲೆಗೆ ಶಸ್ತ್ರಚಿಕಿತ್ಸೆ, ಅದರ ಹಿಂದೆಯೇ ಪಾರ್ಶ್ವವಾಯು. ಮಾರ್ಸೆಲೊ ಕಾಯೆತಾನೊ ಪ್ರಧಾನಿಯಾದರು. ಸಾಲಜಾರ್ ಸ್ವಲ್ಪ ಚೇತರಿಸಿಕೊಂಡಾಗ, ನಿಮ್ಮನ್ನು ತೆಗೆದಿದ್ದಾರೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಂತ್ರಿಗಳು ಬಂದು ಭೇಟಿಯಾಗುತ್ತಿದ್ದರು, ಅವರು ಇನ್ನೂ ಆಳುತ್ತಿದ್ದಾರೆಂಬಂತೆ ನಡೆದುಕೊಳ್ಳುತ್ತಿದ್ದರು. ಯಾರೂ ಎದುರು ಮಾತನಾಡಬಾರದೆಂದು ನಲವತ್ತು ವರ್ಷ ದೇಶಕ್ಕೆ ಕಲಿಸಿದವರಿಗೆ ಕೊನೆಗೆ ನಿಜ ಹೇಳುವವರು ಒಬ್ಬರೂ ಉಳಿಯಲಿಲ್ಲ. 1970ರ ಜುಲೈ 27ರಂದು ತೀರಿಕೊಂಡರು. ಅದೇ ತಿಂಗಳ ಮೊದಲ ದಿನ ಆರನೇ ಪೌಲರು ಆಫ್ರಿಕಾದ ಆ ಮೂರು ನಾಡುಗಳ ವಿಮೋಚನಾ ನಾಯಕರಿಗೆ ರೋಮಿನಲ್ಲಿ ದರ್ಶನ ನೀಡಿದ್ದರು. ಪೋರ್ತೊವಿನ ಧರ್ಮಾಧ್ಯಕ್ಷರು ಹಿಂದಿನ ವರ್ಷವೇ ತಮ್ಮ ಧರ್ಮಪೀಠಕ್ಕೆ ಮರಳಿದ್ದರು.

ಸಾಲಜಾರರನ್ನು ಅವರ ಇಚ್ಛೆಯಂತೆ ವಿಮಿಯೇರೊದ ಹಳ್ಳಿಯ ಸ್ಮಶಾನದಲ್ಲಿ ತಂದೆತಾಯಿಯ ಹತ್ತಿರ ಮಣ್ಣು ಮಾಡಿದರು. 1974ರ ಏಪ್ರಿಲ್ 25ರ ನಡುರಾತ್ರಿ ಕಳೆದ ಮೇಲೆ ರೇಡಿಯೊ ರೆನಸೆನ್ಸಾ ಒಂದು ಹಾಡನ್ನು ಬಿತ್ತರಿಸಿತು. ಅದು ಸೈನಿಕರಿಗೆ ಹೊರಡುವ ಸಂಕೇತವಾಗಿತ್ತು. ಬೆಳಗಾಗುವಷ್ಟರಲ್ಲಿ ನವರಾಜ್ಯ ಕುಸಿಯತೊಡಗಿತ್ತು. ಆ ರೇಡಿಯೊ ಕೇಂದ್ರ ಪೋರ್ಚುಗಲ್ಲಿನ ಕಥೋಲಿಕ ಧರ್ಮಸಭೆಯದು. ಅದೇ ವರ್ಷ ಡಿಸೆಂಬರ್ 31ರಂದು ಪೋರ್ಚುಗಲ್ ಗೋವಾದ ಮೇಲೆ ಭಾರತದ ಸಾರ್ವಭೌಮತ್ವವನ್ನು ಒಪ್ಪಿ ಸಹಿ ಹಾಕಿತು.

2007ರಲ್ಲಿ ಪೋರ್ಚುಗಲ್ಲಿನ ದೂರದರ್ಶನವೊಂದು ಚರಿತ್ರೆಯ ಅತಿ ಶ್ರೇಷ್ಠ ಪೋರ್ಚುಗೀಸ್ ಯಾರು ಎಂದು ವೀಕ್ಷಕರಿಂದ ಮತ ಕೇಳಿತು. ಸಾಲಜಾರರಿಗೆ ನೂರಕ್ಕೆ 41 ಮತ ಬಿದ್ದು ಮೊದಲ ಸ್ಥಾನ ಸಿಕ್ಕಿತು. ಎರಡನೆಯವರು ಅವರ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತ ಕಮ್ಯುನಿಸ್ಟ್ ನಾಯಕ ಆಲ್ವರೊ ಕುನ್ಯಾಲ್. ಮೂರನೆಯವರು ಬೋರ್ದೊವಿನ ಕಾನ್ಸುಲ್ ಸೋಜಾ ಮೆಂದೆಸ್. 2021ರ ಅಕ್ಟೋಬರ್ 19ರಂದು ದೇಶದ ಮಹಾಪುರುಷರು ಮಲಗಿರುವ ಲಿಸ್ಬನ್ನಿನ ರಾಷ್ಟ್ರೀಯ ಸ್ಮಾರಕಮಂದಿರದಲ್ಲಿ ಸೋಜಾ ಮೆಂದೆಸರ ಹೆಸರಿನ ಶಿಲೆಯನ್ನು ಇಟ್ಟರು. ಅವರ ದೇಹ ಮಾತ್ರ ಕಬಾನಸ್ ದೆ ವಿರಿಯಾತೊದಲ್ಲೇ ಇದೆ, ಸಾಲಜಾರರ ಸಮಾಧಿಯಿಂದ ಹೆಚ್ಚು ದೂರವಿಲ್ಲದ ನೆಲದಲ್ಲಿ.